ಸೂಗಪ್ಪ ಕಾಕಾನಿಗೆ ಸಿಕ್ಕ ಹುದ್ದೆ

ನಮ್ಮ ಸೂಗಪ್ಪ ಕಾಕಾನಿಗೆ ಹುದ್ದೆ ಸಿಕ್ಕಿದೆ ಎಂದು ಶಹಾಪುರವೆಲ್ಲ ಮಾತಾಡಿಕೊಂಡಿತು. ಯಾವ ಹುದ್ದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದರೆ ತಮಗೆ ಗೊತ್ತಿಲ್ಲ ಎಂದಾಗುತ್ತದಲ್ಲ. ಒಬ್ಬರಾದರೂ ಕೇಳಿದ್ದರೆ ನಾನು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. ಪೊಲೀಸರು ಬರುತ್ತಿರಲಿಲ್ಲ, ಧರಣಿ ನಡೆಯುತ್ತಿರಲಿಲ್ಲ, ನನ್ನ ಇಂಟರ್ನಲ್ ಪರೀಕ್ಷೆಯೂ ಚೆನ್ನಾಗಿ ಆಗುತ್ತಿತ್ತು. ಕೊನೆಯದಕ್ಕೆ ಬೇರೆ ಕಾರಣಗಳೂ ಇವೆ, ಇರಲಿ.

ನಾನು ಕಸ್ತೂರಿ. ನಮ್ಮೂರು ಸಗರ. ಡಿಗ್ರಿ ಓದಲು ಶಹಾಪುರದಲ್ಲಿ ಕಾಕಾನ, ಅಂದರೆ ಚಿಕ್ಕಪ್ಪನ, ಮನೆಯಲ್ಲಿದ್ದೇನೆ. ಹಳೇ ಬಸ್ ನಿಲ್ದಾಣದ ಎದುರಿಗೆ ಕಾಕಾನ ಭಾಂಡೆ ಅಂಗಡಿ ಇದೆ. ಮದುವೆಗೆ ಆಹೇರಿ ಎಂದು ಉಡುಗೊರೆ ಕೊಡುವವರು ಅಲ್ಲಿಗೆ ಬಂದು ಕೊಡ, ತಂಬಿಗೆ, ಪರಾತ ಕೊಳ್ಳುತ್ತಾರೆ. ಅವುಗಳ ಮೇಲೆ ಕೊಡುವವರ ಹೆಸರನ್ನು ಮಿಷನ್ ಹಿಡಿದು ಕೊರೆಯುವುದು ಕಾಕಾನ ಕೆಲಸ. ಊರಿನ ಅರ್ಧ ಜನರ ಹೆಸರು ಅವನ ಕೈಯಿಂದ ಸ್ಟೀಲಿಗೆ ಇಳಿದಿದೆ. ಅವನ ಹೆಸರನ್ನು ಮಾತ್ರ ಅಲ್ಲಿಯವರೆಗೆ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಗಿರಾಕಿಗಳಿಗೆ ಇಲ್ಲ ಎನ್ನಲು ಬಾರದ ಮನುಷ್ಯ ಅವನು. ಕೊಡ ಕೊಂಡವರು ಮುಚ್ಚಳ ಕೇಳಿದರೆ ಮುಚ್ಚಳ ಕೊಡುತ್ತಾನೆ, ಮುಚ್ಚಳದ ಮೇಲೆ ಒಂದು ಸೌಟು ಕೇಳಿದರೆ ಅದನ್ನೂ ಕೊಡುತ್ತಾನೆ. ಅಂಗಡಿ ಇನ್ನೂ ನಡೆಯುತ್ತಿರುವುದು ಚಂದಮ್ಮ ಕಾಕಿ ಮಧ್ಯಾಹ್ನದ ಮೇಲೆ ದುಡ್ಡಿನ ಗಲ್ಲೆಯ ಮುಂದೆ ಕೂರುವುದರಿಂದ.

ಇನ್ನು ಆ ಹುದ್ದೆಯ ವಿಷಯ. ಆನ್‌ಲೈನಿನಲ್ಲಿ ನಮ್ಮದೊಂದು ಬಳಗವಿದೆ, ಹೆಸರು ‘ಒಂದೂರಾಗ’. ಅಲ್ಲಿ ಎಲ್ಲರೂ ಸೇರಿ ಕತೆಯ ಆಟ ಆಡುತ್ತೇವೆ. ಒಬ್ಬರು ಕತೆ ನಡೆಸುತ್ತಾರೆ, ನಾಲ್ಕೈದು ಜನ ಕತೆಯೊಳಗಿನ ಮನುಷ್ಯರಾಗುತ್ತಾರೆ. ನಿಮ್ಮ ಮುಂದೆ ಹಾಳು ಕೋಟೆಯ ಬಾಗಿಲಿದೆ, ಏನು ಮಾಡುತ್ತೀರಿ ಎಂದು ನಡೆಸುವವರು ಕೇಳುತ್ತಾರೆ. ಒಬ್ಬರು ಒದೆಯುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಗೋಡೆ ಹತ್ತುತ್ತೇನೆ ಎನ್ನುತ್ತಾರೆ. ಹತ್ತಿದರೋ ಬಿದ್ದರೋ ಎಂಬುದನ್ನು ದಾಳ ಹೇಳುತ್ತದೆ. ದೊಡ್ಡ ಊರುಗಳಲ್ಲಿ ಇದನ್ನು ಮೇಜಿನ ಸುತ್ತ ಕೂತು ಆಡುತ್ತಾರಂತೆ. ನಾವು ಫೋನಿನಲ್ಲಿ ಆಡಿದರೂ ಒಂದೊಂದು ಆಟವನ್ನು ಒಂದೊಂದು ಮೇಜು ಎಂದೇ ಕರೆಯುತ್ತೇವೆ. ಯಾರಾದರೂ ಹೊಸ ಆಟ ಬರೆದರೆ ಅದು ಬಳಗದ ಭಂಡಾರಕ್ಕೆ ಸೇರುತ್ತದೆ. ಆಮೇಲೆ ಯಾವ ಊರಿನವರು ಬೇಕಾದರೂ ಅದನ್ನು ತಮ್ಮ ಮೇಜಿನಲ್ಲಿ ಆಡಿಸಬಹುದು. ಬಳಗವನ್ನು ನೋಡಿಕೊಳ್ಳುವವಳು ಸುರಪುರದ ಅಂಜುಮ್ ಅಕ್ಕ. ಬಿ.ಎಡ್. ಓದುತ್ತಿದ್ದಾಳೆ. ಈಗಲೇ ಪೂರ್ತಿ ಟೀಚರು.

ಒಂದು ದಿನ ನಾನು ಅಂಗಡಿಯ ಅಟ್ಟದ ಮೇಲೆ ಕೂತು ಆಟ ನಡೆಸುತ್ತಿದ್ದಾಗ ಹುಬ್ಬಳ್ಳಿಯ ಒಬ್ಬರ ನೆಟ್‌ವರ್ಕ್ ಹೋಯಿತು. ಜನ ಕಡಿಮೆ ಬಿದ್ದರು. ಪಕ್ಕದಲ್ಲಿ ಪರಾತ ಒರೆಸುತ್ತಿದ್ದ ಕಾಕಾನನ್ನು ಎಳೆದು ಕೂರಿಸಿದೆ. ಒಬ್ಬರು ಕತ್ತಿವೀರ, ಒಬ್ಬರು ಮಾಟಗಾತಿ, ಒಬ್ಬರು ಓಡಿಬಂದ ರಾಜಕುಮಾರ. ನೀವು ಯಾರು ಎಂದರೆ ಕಾಕಾ, ನಾ ಸೂಗಪ್ಪ, ಭಾಂಡಿ ಅಂಗಡಿ ಎಂದ. ರಾಕ್ಷಸ ಬಂದ. ಕತ್ತಿವೀರ ಬಿದ್ದ, ಮಾಟಗಾತಿ ಓಡಿದಳು. ಕಾಕಾ ರಾಕ್ಷಸನಿಗೆ ಕೂತುಕೊಳ್ಳಲು ಹೇಳಿ, ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ, ಅನ್ನ ಯಾವುದರಲ್ಲಿ ಮಾಡುತ್ತೀರಿ ಎಂದು ವಿಚಾರಿಸಿ ಒಂದು ಕೊಪ್ಪರಿಗೆ ತೋರಿಸಿದ. ಚೌಕಾಶಿಗೆ ಕೂತ ರಾಕ್ಷಸ ಬೆಳಗಾಗುವವರೆಗೆ ಏಳಲೇ ಇಲ್ಲ. ಬಿಸಿಲು ತಾಕಿದರೆ ರಾಕ್ಷಸರು ಕಲ್ಲಾಗುವುದು ಆ ಆಟದ ನಿಯಮ, ಬಿಸಿಲು ಬಿದ್ದು ಕಲ್ಲಾದ.

ಬಳಗದಲ್ಲಿ ಕಾಕಾ ಒಂದೇ ದಿನಕ್ಕೆ ಹೆಸರುವಾಸಿಯಾದ. ಆಮೇಲೆ ಅವನದೇ ಒಂದು ಆಟ ಹುಟ್ಟಿತು, ‘ಕಂಚಿನ ರಾಣಿ’. ಅವನು ಹೇಳಿದ, ನಾನು ಫೋನಿನಲ್ಲಿ ಒತ್ತಿದೆ. ಅಂಜುಮ್ ಅಕ್ಕ ಓದಿ ಮೆಚ್ಚಿದಳು. ಆದರೆ ಅವಳದೊಂದು ನಿಯಮವಿದೆ. ಬರೆದವರು ಆಟವನ್ನು ಒಂದು ಸಲ ತಾವೇ ಎಲ್ಲರೆದುರು ಕೊನೆಯವರೆಗೆ ನಡೆಸಬೇಕು, ಯಾರ ಮುಖವನ್ನೂ ನೋಡಿ ನಿಯಮ ಸಡಿಲಿಸಬಾರದು. ಹಾಗೆ ನಡೆಸಿದರೆ ಮಾತ್ರ ಭಂಡಾರದಲ್ಲಿ ಜಾಗ. ಭಾನುವಾರ ನಾಲ್ಕು ಗಂಟೆಗೆ ಕಾಕಾನ ಮೇಜು ಎಂದು ನಿಶ್ಚಯವಾಯಿತು. ಹುರುಪು ಬರಲಿ ಎಂದು ಅವಳು ಕಾಕಾನನ್ನು ಬಳಗದ ಯಾದಗಿರಿ ಜಿಲ್ಲಾ ಸಂಚಾಲಕನನ್ನಾಗಿ ಮಾಡಿ ಅಭಿನಂದನೆಯ ಒಂದು ಸಂದೇಶವನ್ನೂ ಹಾಕಿದಳು. ಜಿಲ್ಲೆಯಲ್ಲಿ ನಾವು ಇರುವುದೇ ಮೂವರು. ಅಂಜುಮ್ ಅಕ್ಕ ರಾಜ್ಯಕ್ಕೇ ದೊಡ್ಡವಳು. ಅಂದರೆ ಕಾಕಾ ಸಂಚಾಲನೆ ಮಾಡಬೇಕಾದದ್ದು ನನ್ನೊಬ್ಬಳನ್ನು.

ಅಂದಿನಿಂದ ಕಾಕಾನಿಗೆ ಲೋಕದಲ್ಲಿ ಭಾನುವಾರ ಬಿಟ್ಟು ಬೇರೆ ವಾರವೇ ಉಳಿಯಲಿಲ್ಲ. ಫೋನಿನ ದಾಳ ಅವನಿಗೆ ಹಿಡಿಸಲಿಲ್ಲ. ಕಾಕಿಯ ಪೆಟ್ಟಿಗೆಯಿಂದ ಕವಡೆ ತೆಗೆದು ಸ್ಟೀಲಿನ ತಾಟಿನಲ್ಲಿ ಹಾಕುವ ರೂಢಿ ಮಾಡಿಕೊಂಡ. ಬಾಯಿ ಮೇಲಾಗಿ ಎಷ್ಟು ಬಿದ್ದರೆ ಅಷ್ಟು ಒಳ್ಳೆಯದು, ಎಲ್ಲ ಮಗುಚಿ ಬಿದ್ದರೆ ಅವರ ಕತೆ ಅಲ್ಲಿಗೆ ಮುಗಿಯಿತು. ನಾನೂ ಒಂದು ಬುದ್ಧಿ ಹೇಳಿದೆ. ಅಂಗಡಿಗೆ ಬಂದವರ ಮೇಲೆಲ್ಲ ಅಭ್ಯಾಸ ಮಾಡು ಕಾಕಾ, ಧ್ವನಿ ಪಳಗುತ್ತದೆ ಎಂದೆ. ನನ್ನ ಬುದ್ಧಿಗಳು ಹೇಳುವಾಗ ಬಹಳ ಚೆನ್ನಾಗಿರುತ್ತವೆ.

ಕಾಕಾ ಮಾಡಿದ ಒಂದೇ ಒಂದು ದೊಡ್ಡಸ್ತಿಕೆಯೆಂದರೆ ಅಂಜುಮ್ ಅಕ್ಕನ ಸಂದೇಶವನ್ನು ಓಣಿಯ ವಾಟ್ಸಾಪ್ ಗುಂಪಿಗೆ ಕಳಿಸಿದ್ದು. ಆ ಗುಂಪಿನಲ್ಲಿ ಹಣಮೇಶನಿದ್ದಾನೆ. ಹಣಮೇಶ ನಮ್ಮ ಓಣಿಯ ಯುವ ನಾಯಕ. ಯಾರ ನಾಯಕ ಎಂದು ಅವನನ್ನೂ ಯಾರೂ ಕೇಳಿಲ್ಲ. ಹುಟ್ಟುಹಬ್ಬ, ವರ್ಗಾವಣೆ, ನಿವೃತ್ತಿ, ಹತ್ತನೇ ಪಾಸು, ಏನಾದರೂ ಸರಿ, ಮರುದಿನ ಬೆಳಿಗ್ಗೆ ಹಣಮೇಶನ ಫ್ಲೆಕ್ಸ್ ಎದ್ದಿರುತ್ತದೆ. ಬಸ್ ನಿಲ್ದಾಣದ ಮುಂದೆ ಕಾಕಾನ ಫ್ಲೆಕ್ಸೂ ಎದ್ದಿತು. ನಡುವೆ ಕಾಕಾ. ಸುತ್ತ ಹಣಮೇಶನ ಗೆಳೆಯರು, ತಾಂಬೂಲದ ತಟ್ಟೆಯಲ್ಲಿ ಅಡಿಕೆ ಜೋಡಿಸಿದಂತೆ. ಮೇಲೆ ಕಾಕಾನಿಗಿಂತ ದೊಡ್ಡದಾಗಿ, ಕಪ್ಪು ಕನ್ನಡಕ ಹಾಕಿ ಫೋನಿನಲ್ಲಿ ಮಾತಾಡುತ್ತಿರುವ ಹಣಮೇಶ. ಇಷ್ಟು ಮುಖಗಳು ಕೂತ ಮೇಲೆ ಅಕ್ಷರಕ್ಕೆ ಜಾಗ ಸಾಲಲಿಲ್ಲ. ‘ಒಂದೂರಾಗ ಆಟದ ಬಳಗದ’ ಎಂಬ ಮಾತನ್ನು ಅವನು ತೆಗೆದುಹಾಕಿದ್ದ. ಉಳಿದದ್ದು ಇಷ್ಟು: ಯಾದಗಿರಿ ಜಿಲ್ಲಾ ಸಂಚಾಲಕರಾಗಿ ನೇಮಕಗೊಂಡ ಶ್ರೀ ಸೂಗಪ್ಪನವರಿಗೆ ಹಾರ್ದಿಕ ಅಭಿನಂದನೆಗಳು.

ಕಾಕಾ ಅದರ ಕೆಳಗೆ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಕಿವಿ ಸ್ವಲ್ಪ ದೊಡ್ಡವು ಬಂದಾವಲ್ಲ ಕಸ್ತೂರಿ,” ಎಂದ. ಅವನಿಗೆ ತಪ್ಪು ಕಂಡದ್ದು ಅಷ್ಟೇ.

ಮಧ್ಯಾಹ್ನದೊಳಗೆ ಶಾಲು ಬಂದವು, ಹಾರ ಬಂದವು, ಬಾಳೆಹಣ್ಣು ಬಂದವು. ನಿಗಮವೋ ಮಂಡಳಿಯೋ ಪ್ರಾಧಿಕಾರವೋ, ದೊಡ್ಡದೇ ಇರಬೇಕೆಂದು ಜನ ತೀರ್ಮಾನಿಸಿದ್ದರು. ಇಷ್ಟು ದಿನ ಸೌಟು ಪುಕ್ಕಟೆ ಕೇಳುತ್ತಿದ್ದವರು ಈಗ ಸೌಟಿಗೆ ಬೆಲೆ ಕೊಟ್ಟು ಅಣ್ಣಾವರೇ ಎಂದರು. ಕಾಕಿ ಚಹಾ ಸೋಸಿ ಸೋಸಿ ಮಣಿಕಟ್ಟು ಹಿಡಿದುಕೊಂಡು ಕೂತಳು. ನಮ್ಮ ಓಣಿಯ ಲೈನ್‌ಮನ್ ಅಲ್ತಾಫ್ ಒಂದು ಡಬ್ಬಿ ಪೇಢೆ ಹಿಡಿದು ಬಂದ. ತನ್ನನ್ನು ಸೈದಾಪುರಕ್ಕೆ ಎತ್ತಿಹಾಕುತ್ತಾರೆಂದು ಸುದ್ದಿ ಇದೆ, ಕಡೇಚೂರಿನ ಕಾರ್ಖಾನೆಗಳ ಕಡೆ ಕೆಲಸ ಬಹಳ, ತಾವು ಒಂದು ಮಾತು ಹೇಳಬೇಕು ಎಂದು ಅವನು ಬೇಡಿಕೊಂಡ. ಕಾಕಾ ಅದನ್ನು ಪೂರ್ತಿ ಕೇಳಿದನೋ ಇಲ್ಲವೋ. ಅವನಿಗೆ ಅಭ್ಯಾಸಕ್ಕೆ ಒಬ್ಬರು ಸಿಕ್ಕಿದ್ದರು. ಕಣ್ಣು ಮುಚ್ಚಿ, ಧ್ವನಿ ದಪ್ಪ ಮಾಡಿದ.

“ನೀ ಈಗ ಸೈದಾಪುರದಾಗ ಇದ್ದಿ.”

ಅಲ್ತಾಫ್ ಡಬ್ಬಿ ಕೆಳಗಿಟ್ಟ. “ಆರ್ಡರ್ ಆಗೇ ಹೋಯ್ತೇನ್ರಿ ಅಣ್ಣಾರ?”

“ಸುತ್ತಲೂ ಕತ್ತಲ. ಮುಂದ ಒಂದು ಕಂಬ ಅದ. ಕಂಬದ ಮ್ಯಾಲ ಯಾವುದೋ ಒಂದು ಕುಂತದ. ಏನ್ ಮಾಡ್ತಿ?”

“ಅಣ್ಣಾರ, ನಂಗ ಸಣ್ಣ ಹುಡುಗ್ರು ಅದಾವ್ರಿ.”

“ಹುಡುಗ್ರು ಆ ಕಡಿ ಇರ್ಲಿ. ನೀ ಕವಡಿ ಹಾಕು.”

ಅಲ್ತಾಫ್ ಹಾಕಿದ. ಎಲ್ಲ ಮಗುಚಿ ಬಿದ್ದವು. ಕಾಕಾ ತಾಟು ನೋಡಿ ನಿಜವಾಗಿ ಮರುಗಿದ. “ಬಿದ್ದಿ. ಬಾಳ ಮ್ಯಾಗಿಂದ ಬಿದ್ದಿ,” ಎಂದ.

ಅಲ್ತಾಫ್ ಪೇಢೆಯ ಡಬ್ಬಿ ಅಲ್ಲೇ ಬಿಟ್ಟು ಹಿಂದಕ್ಕೆ ಹಿಂದಕ್ಕೆ ನಡೆದು ಹೋದ. ಆ ಗಳಿಗೆಯಿಂದ ನಮ್ಮ ಓಣಿಯಲ್ಲಿ ಕರೆಂಟು ಹೋಗುವುದು ನಿಂತಿತು. ನಿಂತಿತು ಎಂದರೆ ನಿಂತಿತು. ಜನ ರೆಪ್ಪೆ ಬಡಿಯದೆ ಉರಿಯುವ ಬಲ್ಬನ್ನು ನೋಡಿ ಕಾಕಾನ ಕಡೆ ಕೈ ಮುಗಿದರು.

ಮರುದಿನ ಶಿರವಾಳದಿಂದ ಖಾಸಿಂಬೀ ಎಂಬ ಅಜ್ಜಿ ಬಂದಳು. ಅವಳ ಪಿಂಚಣಿ ನಿಂತುಹೋಗಿತ್ತು. ಯಾಕೆ ನಿಂತಿತು ಎಂದು ಹೇಳುವವರು ಇರಲಿಲ್ಲ. ಕಾಕಾ ಅವಳಿಗೂ ಕಣ್ಣು ಮುಚ್ಚಿ ಶುರು ಮಾಡಿದ. ನಿಮ್ಮ ಮುಂದೆ ಒಂದು ದೊಡ್ಡ ಬಾಗಿಲಿದೆ, ಒಳಗೆ ಒಬ್ಬ ಕೂತಿದ್ದಾನೆ, ಎಷ್ಟು ಕರೆದರೂ ತಲೆ ಎತ್ತುತ್ತಿಲ್ಲ ಎಂದ. ಅದು ಕಂಚಿನ ರಾಣಿಯ ಕೋಟೆಯ ದ್ವಾರಪಾಲಕನ ವರ್ಣನೆ. ಖಾಸಿಂಬೀ ಬೆರಗಾದಳು. ಅಲ್ಲಿಗೆ ಹೋಗದೇ ಎಲ್ಲ ನೋಡಿದಂತೆ ಹೇಳುತ್ತಾನಲ್ಲ ಎಂದು ನನ್ನ ಕೈ ಹಿಡಿದುಕೊಂಡಳು. ಏನು ಮಾಡುತ್ತೀರಿ ಎಂದು ಕಾಕಾ ಕೇಳಿದ.

“ಅವ್ನ ಮುಂದೇ ಕುಂಡ್ರತೀನಪ್ಪ,” ಎಂದಳು ಅಜ್ಜಿ. “ಅಂವ ತಲಿ ಎತ್ತೂ ತನಕ ಏಳಂಗಿಲ್ಲ.”

ಕವಡೆ ಹಾಕಿಸಿದ. ಎಲ್ಲ ಬಾಯಿ ಮೇಲಾಗಿ ಬಿದ್ದವು. ಗೆದ್ದಿರಿ ಎಂದ ಕಾಕಾ. ಅಜ್ಜಿ ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ, ಪಿಂಚಣಿ ನೋಡುವವರ ಟೇಬಲ್ ಮುಂದೆ ನೆಲದ ಮೇಲೆ ಕೂತು, ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದಳು. ಅವರು ತಲೆ ಎತ್ತಿದರು. ಸಂಜೆಯೊಳಗೆ ಅವಳ ಕೆಲಸವಾಯಿತು. ಅಜ್ಜಿ ಊರಿಗೆ ಮರಳುವ ಬಸ್ಸಿನಲ್ಲಿ ಇದನ್ನು ಎಲ್ಲರಿಗೂ ಹೇಳಿದಳು. ಸಂಚಾಲಕರು ಕವಡೆ ಹಾಕಿಸಿದರೆ ಕೆಲಸ ಆಗುತ್ತದೆ ಎಂಬ ಮಾತು ಅವಳಿಗಿಂತ ಮೊದಲೇ ಶಿರವಾಳ ಮುಟ್ಟಿತು. ಅದರ ಮರುದಿನ ನಮ್ಮ ಅಂಗಡಿಯ ಮುಂದಿನ ಸಾಲು ಬಸ್ ನಿಲ್ದಾಣದ ಒಳಗೆ ಹೊಕ್ಕು, ಯಾದಗಿರಿ ಬಸ್ಸು ನಿಲ್ಲುವ ಜಾಗದಲ್ಲಿ ಮುಗಿಯುತ್ತಿತ್ತು. ಬಸ್ ಹತ್ತಲು ಬಂದ ಕೆಲವರೂ ಸಾಲು ಎಂದಮೇಲೆ ಏನೋ ಇರಬೇಕೆಂದು ನಿಂತಿದ್ದರು.

ಇಷ್ಟಾದ ಮೇಲೆ ಠಾಣೆಯಿಂದ ಎ.ಎಸ್.ಐ. ನಸೀರುದ್ದೀನ ಸಾಹೇಬರು ಬಂದರು. ಸಂಭಾವಿತರು. ಬಂದವರು ಮೊದಲು ಜನರ ಸಾಲನ್ನು ನೋಡಿದರು, ಆಮೇಲೆ ಫ್ಲೆಕ್ಸ್ ನೋಡಿದರು, ಆಮೇಲೆ ಕಾಕಾನ ಕಿವಿಗಳನ್ನು ನೋಡಿದರು. ನಿಜವಾಗಿ ದೊಡ್ಡ ಹುದ್ದೆಯಿದ್ದರೆ ತಮಗೇ ಕೇಡು, ಇಲ್ಲದಿದ್ದರೆ ನಕಲಿ ಅಧಿಕಾರಿಯ ಕೇಸು ಯಾದಗಿರಿಯವರೆಗೆ ಹೋಗುತ್ತದೆ, ಎರಡರಲ್ಲಿ ಯಾವುದೂ ಅವರಿಗೆ ಬೇಕಿರಲಿಲ್ಲ. ಹೀಗಾಗಿ ಬಹಳ ಮರ್ಯಾದೆಯಿಂದ, ನಿಮ್ಮ ಕೆಲಸದ ಸ್ವರೂಪ ಏನು ಎಂದು ಕೇಳಿದರು.

ಕಾಕಾ ಸುಳ್ಳು ಹೇಳುವವನಲ್ಲ. “ಕ್ವಾಟಿ ಒಂದದ್ರಿ,” ಎಂದ. “ಐದು ಮಂದೀನ ಒಳಗ ಬಿಡ್ತೀನ್ರಿ. ಎಲ್ಲಾರೂ ತಿರುಗಿ ಬರ್ತಾರಂತ ಹೇಳಾಕ ಬರಂಗಿಲ್ಲ.”

ನಸೀರುದ್ದೀನ ಸಾಹೇಬರು ಮೆಲ್ಲಗೆ ಪೆನ್ನು ತೆಗೆದರು. “ಅವ್ರ ಮನ್ಯಾಗ ಗೊತ್ತದೇನ್ರಿ?”

“ಕೆಲವ್ರ ಮನ್ಯಾಗ ಬೈತಾರ್ರಿ.”

ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಸಾಹೇಬರು ಆ ಐವರ ಹೆಸರು ಕೇಳುತ್ತಿದ್ದರು. ಮಾಟಗಾತಿಯವರೆಗೆ ಬಂದಿದ್ದರು. ನಾನು ಓಡಿಬಂದು ಫೋನು ತೆರೆದು ಬಳಗ ತೋರಿಸಿದೆ, ಆಟ ತೋರಿಸಿದೆ, ಕಂಚಿನ ರಾಣಿಯನ್ನು ತೋರಿಸಿದೆ. ಎಲ್ಲ ನೋಡಿ ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅಷ್ಟು ಖುಷಿಯ ಪೊಲೀಸರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೇಸಿಲ್ಲ, ಏನಿಲ್ಲ, ಆದರೆ ಫ್ಲೆಕ್ಸ್ ಹೇಳಿದ ಮಾತನ್ನು ಫ್ಲೆಕ್ಸೇ ಹಿಂದಕ್ಕೆ ತೆಗೆದುಕೊಳ್ಳಬೇಕು, ನಾಳೆ ಬೆಳಗಿನೊಳಗೆ ಸರಿಯಾದದ್ದನ್ನು ಕಟ್ಟಿಸಿ ಎಂದು ಹಣಮೇಶನನ್ನು ಕರೆಸಿ ಹೇಳಿ, ಒಂದು ಪೇಢೆ ತಿಂದು ಹೋದರು.

ಹಣಮೇಶ ಮಾತು ಉಳಿಸಿಕೊಂಡ. ಶನಿವಾರ ಬೆಳಿಗ್ಗೆ ಹಳೆಯದರ ಜಾಗದಲ್ಲಿ ಹೊಸ ಫ್ಲೆಕ್ಸ್ ಎದ್ದಿತು. ಅದೇ ಕಾಕಾ, ಅದೇ ಗೆಳೆಯರು, ಅದೇ ಕಪ್ಪು ಕನ್ನಡಕ. ಅಕ್ಷರ ಮಾತ್ರ ಬೇರೆ. ಶ್ರೀ ಸೂಗಪ್ಪನವರಿಗೆ ಇನ್ನು ಮುಂದೆ ಯಾವುದೇ ಹುದ್ದೆ ಇರುವುದಿಲ್ಲ ಎಂದು ಸಾರ್ವಜನಿಕರಿಗೆ ತಿಳಿಸಲಾಗಿದೆ. ‘ಇನ್ನು ಮುಂದೆ’ ಎಂಬುದನ್ನು ಮಾತಿಗೆ ತೂಕ ಬರಲೆಂದು ಅವನೇ ಸೇರಿಸಿದ್ದನಂತೆ.

ಊರು ಓದಿತು, ಕಾಕಾನನ್ನು ತೆಗೆದುಹಾಕಿದ್ದಾರೆ ಎಂದು ತಿಳಿದುಕೊಂಡಿತು. ಬಡವರ ಕೆಲಸ ಮಾಡಿಸಿದ್ದಕ್ಕೆ ಮೇಲಿನವರು ಸಹಿಸಲಿಲ್ಲ ಎಂದು ಮಧ್ಯಾಹ್ನದೊಳಗೆ ಕಾರಣವೂ ಸಿಕ್ಕಿತು. ಆಮೇಲೆ ಜನ ಮಾತಾಡಿಸಲು ಬರತೊಡಗಿದರು. ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹಾಗೆ ಬರುತ್ತಾರೆ. ಬಂದು ಕೂರುತ್ತಾರೆ, ನೆಲ ನೋಡುತ್ತಾರೆ, ಆದದ್ದು ಆಯಿತು ಎನ್ನುತ್ತಾರೆ, ಮಕ್ಕಳ ಮುಖ ನೋಡಿ ಧೈರ್ಯ ತಂದುಕೋ ಎನ್ನುತ್ತಾರೆ, ಎದ್ದು ಹೋಗುತ್ತಾರೆ. ಸಗರದಿಂದ ನಮ್ಮ ಅಪ್ಪನ ಕಡೆಯ ಹೆಂಗಸರು ಒಂದು ಟಂಟಂ ಗಾಡಿ ತುಂಬ ಬಂದರು. ಕಾಕಿ ಮತ್ತೆ ಚಹಾಕ್ಕೆ ಇಟ್ಟಳು. ಹುದ್ದೆ ಬಂದಾಗಲೂ ಇದೇ ಪಾತ್ರೆ, ಹೋದಾಗಲೂ ಇದೇ ಪಾತ್ರೆ, ಹಾಲು ಮಾತ್ರ ದುಪ್ಪಟ್ಟು ಎಂದು ಗೊಣಗಿದಳು.

ಇದೆಲ್ಲ ಇರಲಿ, ನಗಬಹುದಿತ್ತು. ನಗಲು ಬಾರದಂತೆ ಆದದ್ದು ಒಂದೇ ಕಾರಣಕ್ಕೆ. ಫ್ಲೆಕ್ಸನ್ನು ಕಾಕಾನೂ ಓದಿದ, ಓದಿ ನಂಬಿಬಿಟ್ಟ. ಅಂಜುಮ್ ತನ್ನನ್ನು ತೆಗೆದಿದ್ದಾಳೆ, ತನ್ನ ಆಟ ಅವಳಿಗೆ ಬೇಡವಾಗಿದೆ, ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು ಹೀಗೆ ತಿಳಿಸಿದ್ದಾಳೆ ಎಂದು ಅವನ ಲೆಕ್ಕ. ಇದನ್ನು ಬರೆಸಿದವನು ಹಣಮೇಶ ಎಂದು ನಾನು ಎಷ್ಟು ಹೇಳಿದರೂ, ಅಷ್ಟು ದೊಡ್ಡ ಅಕ್ಷರದಲ್ಲಿ ಯಾರಾದರೂ ಸುಳ್ಳು ಬರೆಯುತ್ತಾರೆಯೇ ಎಂದ. ಹೆಸರು ಕೊರೆಯುವವನಿಗೆ ಅಕ್ಷರದ ಮೇಲೆ ಅಷ್ಟು ಭಕ್ತಿ. ಅಂಜುಮ್ ಅಕ್ಕ ಯಾದಗಿರಿಯಲ್ಲಿ ನೆಂಟರ ಮದುವೆಯಲ್ಲಿದ್ದಳು, ಅವಳ ಫೋನು ಸ್ವಿಚಾಫ್. ಕಾಕಾ ಕವಡೆಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿಸಿದ. ಮಾತಾಡಿಸಲು ಬಂದವರಿಗೆಲ್ಲ, ಹೌದು ತೆಗೆದಿದ್ದಾರೆ, ಒಂದು ಮಾತು ಕೂಡ ಕೇಳಲಿಲ್ಲ ಎಂದು ಕಣ್ಣು ಒರೆಸಿಕೊಂಡು ಹೇಳಿದ. ಹಣಮೇಶನಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಸೂಗಪ್ಪ ಹೋರಾಟ ಸಮಿತಿ ಹುಟ್ಟಿತು. ಭಾನುವಾರ ಮೂರು ಗಂಟೆಗೆ ಬಸ್ ನಿಲ್ದಾಣದ ಮುಂದೆ ಧರಣಿ. ಕಚೇರಿಗಳಿಗೆ ಅಂದು ರಜೆ ಎಂದು ಯಾರೋ ಹೇಳಿದರು. ಮೈಕಿನವನಿಗೂ ಅಂದೇ ಬಿಡುವು ಎಂದು ಹಣಮೇಶ ಹೇಳಿದ.

ಭಾನುವಾರ ಕಾಕಾನ ಹೆಗಲಿಗೆ ಟವೆಲ್ ಹೊದಿಸಿ ಪೆಂಡಾಲಿನ ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾಷಣಗಳಾದವು. ಅಲ್ತಾಫ್ ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದ. ಹುದ್ದೆ ಮರಳಿ ಬಂದರೆ ತಾನು ಕೂಗಿದ್ದು ನೆನಪಿರಲಿ ಎಂದು ಕಾಕಾನ ಕಣ್ಣಿಗೆ ಬೀಳುವ ಜಾಗದಲ್ಲೇ ನಿಂತಿದ್ದ. ನಸೀರುದ್ದೀನ ಸಾಹೇಬರು ಬಂದೋಬಸ್ತಿಗೆ ಬಂದು, ನನ್ನನ್ನು ನೋಡಿ, ಮತ್ತೊಂದು ಕಡೆ ನೋಡಿದರು. ನಾಲ್ಕು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. ಅಂಜುಮ್ ಅಕ್ಕ. ಸುರಪುರಕ್ಕೆ ಮರಳಿ ಮೇಜಿಗೆ ಕೂತಿದ್ದಳು. ಹುಬ್ಬಳ್ಳಿಯವರು ಬಂದಿದ್ದಾರೆ, ಬೀದರಿನವರು ಬಂದಿದ್ದಾರೆ, ಕಾಕಾ ಎಲ್ಲಿ ಎಂದಳು. ಕಾಲು ಗಂಟೆ ನೋಡುತ್ತೇನೆ, ಆಮೇಲೆ ಮೇಜು ಮುಚ್ಚುತ್ತೇನೆ, ಆಟ ಭಂಡಾರಕ್ಕೆ ಹೋಗುವುದಿಲ್ಲ ಎಂದೂ ಹೇಳಿದಳು. ಹಾಗೆ ಹೇಳಿದರೆ ಅವಳು ಹಾಗೇ ಮಾಡುವವಳು.

ನಾನು ಜನರ ನಡುವೆ ತೂರಿ, ಎರಡು ಕುರ್ಚಿ ಬೀಳಿಸಿ, ಕಾಕಾನ ಕೈಗೆ ಫೋನು ಕೊಟ್ಟೆ. ಕಾಕಾ ಗಾಬರಿಯಲ್ಲಿ ಸ್ಪೀಕರ್ ಒತ್ತಿದ. ಆ ಹೊತ್ತಿಗೆ ಎರಡು ಮಾತಾಡಲಿ ಎಂದು ಯಾರೋ ಅವನ ಬಾಯಿ ಮುಂದೆ ಮೈಕ್ ಹಿಡಿದಿದ್ದರು.

“ಅಂಜುಮ್, ನನ್ನ ಯಾಕ ತೆಗದೀವಾ?”

ಸುರಪುರದ ಹುಡುಗಿಯ ಧ್ವನಿ ಶಹಾಪುರದ ಬಸ್ ನಿಲ್ದಾಣದ ಮೇಲೆಲ್ಲ ಹರಡಿತು. “ಯಾರು ತೆಗದಾರ್ರಿ ಕಾಕಾ? ನಿಮ್ಮ ಹುದ್ದೆ ಹೆಂಗಿತ್ತೋ ಹಂಗೇ ಅದ. ನಾಲ್ಕು ಹೊಡೀತು, ಕೆಲಸ ಶುರು ಮಾಡ್ರಿ.”

ಪೆಂಡಾಲು ಎದ್ದು ಕುಣಿಯಿತು. ಇತಿಹಾಸದಲ್ಲಿ ಇಷ್ಟು ಬೇಗ ಗೆದ್ದ ಧರಣಿ ಇಲ್ಲವೆಂದು ಹಣಮೇಶ ಘೋಷಿಸಿದ. ಸಂಚಾಲಕರು ಈಗಲೇ, ಇಲ್ಲೇ, ನಮ್ಮೆಲ್ಲರ ಮುಂದೆ ಕೆಲಸ ಶುರು ಮಾಡಬೇಕೆಂದು ಜನ ಕೂಗಿದರು. ಕಾಕಾನಿಗೂ ಬೇಕಾದದ್ದು ಅದೇ. ಕಾಕಿ ಮನೆಗೆ ಓಡಿ ಬೀಗ ತೆಗೆದು ಕವಡೆ ತಂದಳು. ಅಂಗಡಿಯಿಂದ ತಾಟು ಬಂತು. ಕಾಕಾ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಮೈಕಿನಲ್ಲಿ ಆಟ ಶುರು ಮಾಡಿದ.

ಒಂದು ಹಾಳು ಕೋಟೆ. ಅದರ ಕೆಳಗೆ ಒಂದು ಕೆರೆ. ಕೆರೆಯ ತೂಬಿಗೆ ಬೀಗ. ಬೀಗದ ಕೈ ಕೋಟೆಯೊಳಗಿನ ಕಂಚಿನ ರಾಣಿಯ ಸೊಂಟದಲ್ಲಿದೆ. ಕೆಳಗಿನ ಊರಿಗೆ ಹನಿ ನೀರಿಲ್ಲ. ಸಗರದ ಕಡೆಯ ರೈತರು ಇದು ಕಾಲುವೆಯ ವಿಷಯವೆಂದು ತಿಳಿದು ಮುಂದೆ ಸರಿದು ಕೂತರು. ರಾಣಿ ಯಾವ ಇಲಾಖೆಯವಳು ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರು. ಅಂಜುಮ್ ಅಕ್ಕ ಕತೆಯಲ್ಲಿ ನೀರು ಹೊರುವ ಒಬ್ಬ ಸಣ್ಣ ಹುಡುಗಿಯಾಗಿದ್ದಳು, ಹೆಸರು ಗುಡ್ಡಿ. ಗುಡ್ಡಿ ಗೋಡೆ ಹತ್ತಿದಳು, ಕಾಕಾ ಅವಳ ಪರವಾಗಿ ಕವಡೆ ಹಾಕಿದ, ತಾಟು ಖಣಖಣ ಎಂದಿತು, ಗುಡ್ಡಿ ಜಾರಿ ಒಂದೇ ಕೈಯಲ್ಲಿ ಜೋತುಬಿದ್ದಳು. ಆಗ ಕಾಲುವೆ ಮರೆತುಹೋಯಿತು. ಎಡಗಾಲು ಸಂದಿಯಲ್ಲಿಡು ಎಂದು ಒಬ್ಬರು, ಕೆಳಗೆ ನೋಡಬೇಡ ಎಂದು ಇನ್ನೊಬ್ಬರು ಕೂಗಿದರು. ಹುಬ್ಬಳ್ಳಿಯ ಕತ್ತಿವೀರ ಹಗ್ಗ ಎಸೆಯಲು ತಡಮಾಡಿದ್ದಕ್ಕೆ, ಶಿರವಾಳದಿಂದ ಧರಣಿಗೆಂದು ಬಂದಿದ್ದ ಖಾಸಿಂಬೀ ಅಜ್ಜಿ ಅವನನ್ನು ಬೈದಳು, ಅವನು ಫೋನಿನಲ್ಲೇ ಕ್ಷಮೆ ಕೇಳಿದ. ನಸೀರುದ್ದೀನ ಸಾಹೇಬರ ವೈರ್‌ಲೆಸ್ ಕಿರುಗುಟ್ಟಿ ಸ್ಥಿತಿಗತಿ ಕೇಳಿತು. ಪರಿಸ್ಥಿತಿ ಹತೋಟಿಯಲ್ಲಿದೆ, ಗುಡ್ಡಿ ಒಳಗೆ ಇಳಿದಿದ್ದಾಳೆ, ರಾಣಿ ಇನ್ನೂ ಎದ್ದಿಲ್ಲ ಎಂದು ಸಾಹೇಬರು ತಿಳಿಸಿದರು.

ಗುಡ್ಡಿ ಸಿಂಹಾಸನದ ಹತ್ತಿರ ಬಂದಳು. ರಾಣಿ ನಿದ್ದೆಯಲ್ಲಿದ್ದಳು. ಕೀಲಿ ತೆಗೆಯುವಾಗ ಮೈ ತಾಕಿದರೆ ತಾಕಿದವರು ಕಂಚಾಗುತ್ತಾರೆ, ಇದು ಆಟದ ನಿಯಮ. ಗುಡ್ಡಿ ಕೈ ಚಾಚಿದಳು. ಕಾಕಾ ಕವಡೆ ಹಾಕಿದ.

ಎಲ್ಲ ಮಗುಚಿ ಬಿದ್ದವು.

ಪೆಂಡಾಲಿನಲ್ಲಿ ಎಲ್ಲರೂ ಒಟ್ಟಿಗೆ ಬೇಡಿಕೊಳ್ಳತೊಡಗಿದರು. ಖಾಸಿಂಬೀ ವೇದಿಕೆಯ ಅಂಚು ಹಿಡಿದು, “ಇನ್ನೊಂದ್ ಸಲ ಹಾಕು ಬಾಬಾ, ಯಾರು ನೋಡಾಕತ್ತಾರ ಇಲ್ಲಿ,” ಎಂದಳು. ಇಡೀ ಬಸ್ ನಿಲ್ದಾಣ ನೋಡುತ್ತಿತ್ತು. ಹಣಮೇಶ ಎದ್ದು ಗುಡ್ಡಿಗೆ ನ್ಯಾಯ ಬೇಕೆಂದು ಕೂಗಿಸಿದ. ಅಲ್ತಾಫ್ ಕೈ ಮುಗಿದ. ಕೊನೆಗೆ ನಮ್ಮ ಕಾಕಿಯೂ ಎದ್ದು ನಿಂತಳು. ಮೂವತ್ತು ವರ್ಷ ಇವನಿಗೆ ಗಟ್ಟಿಯಾಗು ಎಂದು ಹೇಳುತ್ತ ಬಂದವಳು, ಈಗ ಸಣ್ಣ ಹುಡುಗಿ, ಬಿಡ್ರಿ ಎಂದಳು. ಫೋನಿನಲ್ಲಿ ಅಂಜುಮ್ ಅಕ್ಕ ಮಾತಾಡಲೇ ಇಲ್ಲ. ಇನ್ನೊಂದು ಸಲ ಕವಡೆ ಹಾಕಿದರೆ ನಿಯಮ ಸಡಿಲಿಸಿದಂತೆ, ಆಟಕ್ಕೆ ಭಂಡಾರದಲ್ಲಿ ಜಾಗವಿಲ್ಲ ಎಂದು ನನಗೆ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ಬೇಡುವವರು ಮಾತ್ರ ಅವನ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ಬಂದಿರಲಿಲ್ಲ.

ಕಾಕಾ ತಾಟು ನೋಡಿದ. ಜನರನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

“ಆಗಂಗಿಲ್ರಿ,” ಎಂದ. “ಕವಡಿ ಬಿದ್ದದ್ದು ಬಿದ್ದದ್ದೇ. ನನ್ನ ಕೈಯಾಗ ಏನೂ ಇಲ್ಲ.”

ಮೈಕ್ ಆ ಮಾತನ್ನು ಊರಿಗೆಲ್ಲ ಮುಟ್ಟಿಸಿತು. ಗುಡ್ಡಿ ಕಂಚಾದಳು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬರು ನಿಧಾನವಾಗಿ, ಎಲ್ಲರ ಮನಸ್ಸಿನಲ್ಲಿದ್ದ ಮಾತನ್ನು ಹೇಳಿದರು.

“ತನ್ನ ಕತಿಯಾಗಿನ ಹುಡುಗೀನೇ ಉಳಸ್ಲಿಕ್ಕೆ ಆಗವಲ್ದು. ಇಂವ ನಮಗೇನ್ ಮಾಡ್ಸ್ಯಾನು?”

ಯಾವ ಫ್ಲೆಕ್ಸಿಗೂ ಆಗದ ಕೆಲಸ ಆ ಒಂದು ಮಾತಿನಿಂದ ಆಯಿತು. ವರ್ಗಾವಣೆ ಬೇಕಿದ್ದವರು ಎದ್ದರು, ಗುತ್ತಿಗೆ ಬೇಕಿದ್ದವರು ಎದ್ದರು. ಶಾಲು ಹೊದಿಸಿದ ಒಬ್ಬರು ಶಾಲು ಮರಳಿ ಕೇಳಬಹುದೇ ಎಂದು ನನ್ನನ್ನು ವಿಚಾರಿಸಿದರು. ಯಾರ ಮುಖದಲ್ಲಿಯೂ ಸಿಟ್ಟಿರಲಿಲ್ಲ. ಇಷ್ಟು ದಿನ ದೊಡ್ಡ ಮನುಷ್ಯನನ್ನು ಓಣಿಯಲ್ಲಿ ಇಟ್ಟುಕೊಂಡು ಅವರಿಗೂ ಸಾಕಾಗಿತ್ತು. ಅಲ್ತಾಫ್ ವೇದಿಕೆಯ ಹತ್ತಿರ ಬಂದು, ಖರೇನ ನಿಮ್ಮ ಕೈಯಲ್ಲಿ ಏನೂ ಇಲ್ಲವೇ, ಸೈದಾಪುರವೂ ಇಲ್ಲವೇ ಎಂದು ಕೇಳಿದ. ಕಾಕಾ ಇಲ್ಲ ಎಂದ. ಅಲ್ತಾಫ್ ಅವನನ್ನು ಅಪ್ಪಿಕೊಂಡುಬಿಟ್ಟ. ನಸೀರುದ್ದೀನ ಸಾಹೇಬರು ಇನ್ನೂ ಕೂತಿದ್ದ ಹಣಮೇಶನನ್ನು ಎಬ್ಬಿಸಿ ಕಳಿಸಿ, ತಾವು ಅವನ ಕುರ್ಚಿಯಲ್ಲಿ ಕೂತರು.

ಪೆಂಡಾಲಿನಲ್ಲಿ ಉಳಿದದ್ದು ನಾವು ನಾಲ್ಕೈದು ಜನ. ಮೇಜಿಗೆ ಎಷ್ಟು ಬೇಕೋ ಅಷ್ಟು. ಮೈಕಿನವನು ವೈರು ಸುತ್ತಿಕೊಂಡ. ಕಾಕಾ ಬರಿ ಬಾಯಿಂದ ಆಟ ಮುಂದುವರಿಸಿದ. ಬೀದರಿನ ಮಾಟಗಾತಿ ಸದ್ದಿಲ್ಲದೆ ಹಿಂದಿನಿಂದ ಬಂದು, ಗುಡ್ಡಿಯ ಕಂಚಿನ ಬೆರಳುಗಳ ನಡುವೆ ಸಿಕ್ಕಿದ್ದ ಕೀಲಿಯನ್ನು ಬಿಡಿಸಿಕೊಂಡಳು. ತೂಬು ತೆರೆಯಿತು. ಕೆಳಗಿನ ಊರಿಗೆ ನೀರು ಹೋಯಿತು. ಖಾಸಿಂಬೀ ಸೆರಗಿನಿಂದ ಕಣ್ಣು ಒತ್ತಿಕೊಂಡು, ಹುಡುಗಿ ಹೋದರೂ ಹೆಸರು ಉಳಿಸಿದಳು ಎಂದು ಸಮಾಧಾನ ಮಾಡಿಕೊಂಡು ಕೊನೆಯ ಬಸ್ಸು ಹಿಡಿಯಲು ಹೋದಳು.

ಆಗ ಫೋನಿನಲ್ಲಿ ಅಂಜುಮ್ ಅಕ್ಕನ ಧ್ವನಿ ಬಂತು. ಸತ್ತವಳಿಗೆ ಇರಬೇಕಾದದ್ದಕ್ಕಿಂತ ಬಹಳ ಹರ್ಷವಿತ್ತು ಅದರಲ್ಲಿ. “ಕಾಕಾ, ಅಷ್ಟು ಮಂದಿ ಮುಂದ ನಾನಾದ್ರ ಇನ್ನೊಂದು ಸಲ ಹಾಕಿಬಿಡ್ತಿದ್ನೇನೋ,” ಎಂದಳು. ಕಂಚಿನ ರಾಣಿ ಭಂಡಾರಕ್ಕೆ ಸೇರಿತು, ಬರೆದವರ ಹೆಸರಿನ ಜಾಗದಲ್ಲಿ ಏನು ಹಾಕಲಿ ಎಂದು ಕೇಳಿದಳು.

ಕಾಕಾ ಕವಡೆಗಳನ್ನು ಒಂದೊಂದಾಗಿ ಎತ್ತಿ ಕಾಕಿಯ ಕೈಗೆ ಕೊಟ್ಟ. ಸೂಗಪ್ಪ ಎಂದಷ್ಟೇ ಹಾಕು, ಮತ್ತೇನೂ ಬೇಡ ಎಂದ.

ಅಂಗಡಿ ಮುಚ್ಚಿ ನಾವು ಮೂವರೂ ಮನೆಗೆ ನಡೆದೆವು. ಎದುರಿಗೆ ಬಂದವರು ಕಾಕಾನನ್ನು ನೋಡಿದರು, ಹಾದು ಹೋದರು. ದಾರಿಯುದ್ದಕ್ಕೂ ಒಬ್ಬರೂ ನಮಸ್ಕಾರ ಮಾಡಲಿಲ್ಲ. ಕಾಕಾ ಎರಡೂ ಕೈ ಬೀಸಿಕೊಂಡು, ಹುಡುಗರಂತೆ ನಮಗಿಂತ ಮುಂದೆ ಮುಂದೆ ನಡೆಯುತ್ತಿದ್ದ. ಸ್ವಲ್ಪ ನಿಲ್ಲಿರೆಂದು ಕಾಕಿ ಎರಡು ಸಲ ಕೂಗಿದಳು. ಅವನಿಗೆ ಕೇಳಿಸಲಿಲ್ಲ.